ಒಂದೇ ಇಂಗ್ಲಿಷ್, ಎರಡು ಕಚೇರಿ

1951ರ ಏಪ್ರಿಲ್ ತಿಂಗಳು. ಕೊರಿಯಾದ ಇಮ್‌ಜಿನ್ ನದಿಯ ದಂಡೆಯ ಗುಡ್ಡಗಳಲ್ಲಿ ಬ್ರಿಟನ್ನಿನ 29ನೇ ಬ್ರಿಗೇಡ್ ಬೀಡುಬಿಟ್ಟಿತ್ತು. 22ರ ರಾತ್ರಿ ಚೀನೀ ಸೇನೆ ನದಿ ದಾಟಿ ಮೇಲೆರಗಿತು. ಬ್ರಿಗೇಡಿನ ಒಂದು ತುಕಡಿ, ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಮೊದಲನೇ ಬೆಟಾಲಿಯನ್, ಉಳಿದವರ ಸಂಪರ್ಕ ಕಡಿದುಕೊಂಡು ಗುಡ್ಡದ ಮೇಲೆ ಸಿಕ್ಕಿಬಿತ್ತು. ಸುತ್ತಲೂ ಶತ್ರುಗಳು. ಮದ್ದುಗುಂಡು ಮುಗಿಯುತ್ತ ಬಂದಿತ್ತು, ನೀರಿಗೂ ತತ್ವಾರ. ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಟಾಮ್ ಬ್ರೋಡಿ. ಅವರ ಮೇಲಧಿಕಾರಿ ಅಮೆರಿಕದ ಮೇಜರ್ ಜನರಲ್ ರಾಬರ್ಟ್ ಸೋಲ್. ಪರಿಸ್ಥಿತಿ ಹೇಗಿದೆ ಎಂದು ಜನರಲ್ ವಿಚಾರಿಸಿದಾಗ ಬ್ರಿಗೇಡಿಯರ್ ಕೊಟ್ಟ ಉತ್ತರದ ಭಾವ ಇಷ್ಟು: 'ಸ್ವಲ್ಪ ಇಕ್ಕಟ್ಟಾಗಿದೆ.'

ಇನ್ನೊಬ್ಬ ಇಂಗ್ಲಿಷ್ ಅಧಿಕಾರಿಗೆ ಈ ಮಾತು ಕೇಳಿಸಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಇಂಗ್ಲಿಷರ ಬಾಯಲ್ಲಿ ಅದರ ಅರ್ಥ 'ಮುಳುಗುತ್ತಿದ್ದೇವೆ, ಬೇಗ ಕೈಹಿಡಿಯಿರಿ' ಎಂದು. ಅಮೆರಿಕದ ಜನರಲ್ ಮಾತ್ರ ಅದನ್ನು ಇದ್ದಂತೆಯೇ ತೆಗೆದುಕೊಂಡರು. ಸ್ವಲ್ಪ ಇಕ್ಕಟ್ಟು ತಾನೆ, ನಿಭಾಯಿಸುತ್ತಾರೆ ಎಂದುಕೊಂಡರು. ಹಿಂದೆ ಸರಿಯುವ ಅಪ್ಪಣೆ ಸಕಾಲಕ್ಕೆ ಬರಲಿಲ್ಲ. 25ರ ಹೊತ್ತಿಗೆ ಆ ಬೆಟಾಲಿಯನ್ ಬಹುತೇಕ ಇಲ್ಲವಾಗಿತ್ತು. 500ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಗುಡ್ಡದಿಂದ ತಪ್ಪಿಸಿಕೊಂಡು ಬಂದವರು ಕೆಲವೇ ಹತ್ತು ಜನ. ಆ ಒಂದು ಮಾತೇ ಅನಾಹುತಕ್ಕೆಲ್ಲ ಕಾರಣ ಎನ್ನುವಂತಿಲ್ಲ, ಯುದ್ಧಭೂಮಿಯಲ್ಲಿ ಕಾರಣಗಳು ಹತ್ತಾರಿರುತ್ತವೆ. ಆದರೆ ಇಬ್ಬರ ಮಾತೃಭಾಷೆಯೂ ಇಂಗ್ಲಿಷ್ ಆಗಿದ್ದೂ ಹೇಳಿದ್ದೊಂದು, ತಿಳಿದದ್ದು ಇನ್ನೊಂದು ಆಯಿತು ಎನ್ನುವುದನ್ನು ಇತಿಹಾಸಕಾರರು ಇಂದಿಗೂ ಉದಾಹರಿಸುತ್ತಾರೆ.

ಯುದ್ಧದ ಕಥೆ ಎಂದು ಇದನ್ನು ಬದಿಗಿಡುವ ಹಾಗಿಲ್ಲ. ಒಬ್ಬ ಮೇಲಧಿಕಾರಿ, ಒಬ್ಬ ಕೈಕೆಳಗಿನವ, ಕೆಲಸದ ಬಗ್ಗೆ ಒಂದು ವರದಿ. ಜಗತ್ತಿನ ಯಾವ ಕಚೇರಿಯಲ್ಲೂ ದಿನಕ್ಕೆ ನೂರು ಬಾರಿ ನಡೆಯುವುದು ಇದೇ. ಕರ್ನಾಟಕದ ಮನೆಮನೆಗಳಿಂದ ಇಂದು ಮಕ್ಕಳು ಓದಿಗೆ, ಕೆಲಸಕ್ಕೆ ಈ ಎರಡೂ ದೇಶಗಳಿಗೆ ಹೊರಡುತ್ತಾರೆ. ಇಂಗ್ಲಿಷ್ ಬರುತ್ತದೆ, ಇನ್ನೇನು ಚಿಂತೆ ಎಂಬ ಧೈರ್ಯ ತಂದೆತಾಯಿಗೂ ಇರುತ್ತದೆ. ಅಮೆರಿಕವೋ ಇಂಗ್ಲೆಂಡೋ, ಎಲ್ಲ 'ಫಾರಿನ್' ಒಂದೇ ಎನ್ನುವ ಲೆಕ್ಕ. ಈ ಲೆಕ್ಕ ತಪ್ಪು ಎಂದು ಗೊತ್ತಾಗುವುದು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಮಾತಿನ ಹಿಂದಿನ ಮಾತು

'ಟೇಬಲ್' ಎಂಬ ಸಾಧಾರಣ ಪದವನ್ನೇ ನೋಡಿ. ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡುವುದು ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಮಂಡಿಸುವುದು. ನಮ್ಮ ಸಂಸತ್ತು, ವಿಧಾನಸಭೆಗಳಲ್ಲೂ ಅದೇ ಅರ್ಥ. ಅಮೆರಿಕದಲ್ಲಿ ಅದರ ಅರ್ಥ ತಿರುವುಮುರುವು: ಸದ್ಯಕ್ಕೆ ಬೇಡ, ಪಕ್ಕಕ್ಕಿಡಿ ಎಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಒಂದು ಕಾಗದಪತ್ರದ ಬಗ್ಗೆ ಇದೇ ಪದ ಹಿಡಿದು ಬಹಳ ಹೊತ್ತು ಬಿರುಸಾಗಿ ವಾದಿಸಿದರಂತೆ. ಬ್ರಿಟಿಷರಿಗೆ ಅದು ತುರ್ತಾಗಿ ಚರ್ಚೆಯಾಗಬೇಕಿತ್ತು, ಅಮೆರಿಕನ್ನರಿಗೂ ಅದೇ ಬೇಕಿತ್ತು. ಇಬ್ಬರದೂ ಒಂದೇ ಅಭಿಪ್ರಾಯ ಎಂದು ತಿಳಿದದ್ದು ಜಗಳ ಮುಗಿದ ಮೇಲೆ. ಈ ಪ್ರಸಂಗವನ್ನು ಚರ್ಚಿಲ್ ತಮ್ಮ ಯುದ್ಧಸ್ಮರಣೆಗಳಲ್ಲಿ ದಾಖಲಿಸಿದ್ದಾರೆ.

'ಕ್ವೈಟ್ ಗುಡ್' ಎಂಬ ಪ್ರಶಂಸೆಯೂ ಹಾಗೆಯೇ. ಅಮೆರಿಕನ್ ಬಾಸ್ ಹೇಳಿದರೆ ಬಹಳ ಚೆನ್ನಾಗಿದೆ ಎಂದು ಹಿಗ್ಗಬಹುದು. ಲಂಡನ್ನಿನ ಮ್ಯಾನೇಜರ್ ಹೇಳಿದರೆ 'ಪರವಾಗಿಲ್ಲ' ಎಂದಷ್ಟೇ. ಅದೇ ಮ್ಯಾನೇಜರ್ 'ನಾಟ್ ಬ್ಯಾಡ್' ಅಂದರೆ ಮಾತ್ರ ಖುಷಿಪಡಬೇಕು! 'ಕುತೂಹಲಕರವಾಗಿದೆ' ಎಂದು ಅವರು ತಲೆಯಾಡಿಸಿದರೆ ಒಪ್ಪಿದರು ಎಂದುಕೊಳ್ಳುವಂತಿಲ್ಲ. 'ಇದನ್ನು ಇನ್ನೊಮ್ಮೆ ನೋಡಬಹುದೇನೋ' ಎಂದರೆ ಅದು ಸಲಹೆಯಲ್ಲ, ಮತ್ತೆ ಮಾಡಿಕೊಂಡು ಬಾ ಎಂಬ ಅಪ್ಪಣೆ. ಅಮೆರಿಕದಲ್ಲಿ ಮೊದಲು ಹೊಗಳಿಕೆಯ ಮಳೆ ಸುರಿಯುತ್ತದೆ: ಅದ್ಭುತ, ಅಮೋಘ, ಗ್ರೇಟ್ ಜಾಬ್. ಅದರ ಹಿಂದೆಯೇ 'ಒಂದೆರಡು ಸಣ್ಣ ವಿಷಯ' ಎಂದು ತಪ್ಪುಗಳ ಪಟ್ಟಿ ಬರುತ್ತದೆ. ಹೊಗಳಿಕೆ ಕೇಳಿ ಮೈಮರೆತ ಹೊಸಬ ಪಟ್ಟಿಯನ್ನು ಮರೆಯುತ್ತಾನೆ. ಲಂಡನ್ನಿನಲ್ಲಿ 'ಬಹುದೇನೋ' ಎಂಬುದನ್ನು ನಂಬಿ ಕೆಲಸವನ್ನೇ ಬಿಟ್ಟುಬಿಡುತ್ತಾನೆ.

ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ ಎನ್ನಬೇಕು. ಹೆಣ್ಣು ನೋಡಲು ಬಂದ ಬೀಗರು ಉಪ್ಪಿಟ್ಟು ಕೇಸರಿಬಾತ್ ತಿಂದು, 'ಊರಿಗೆ ಹೋಗಿ ಕಾಗದ ಬರೀತೀವಿ' ಎಂದು ಎದ್ದರೆ ಆ ಕಾಗದ ಬರುವುದಿಲ್ಲ ಎಂದು ನಮ್ಮ ಅಜ್ಜಿಯರಿಗೆ ಹೊಸಿಲು ದಾಟುವ ಮೊದಲೇ ತಿಳಿಯುತ್ತಿತ್ತು. ಇಂಗ್ಲಿಷರ ಕಚೇರಿಯಲ್ಲಿ ಬೇಕಾದದ್ದು ಆ ಅಜ್ಜಿಯ ಕಿವಿ.

ಕೇಂಬ್ರಿಜ್ಜಿನ ಪ್ರಯೋಗಾಲಯದಲ್ಲಿ

ಎರಡು ದೇಶಗಳ ಕೆಲಸದ ರೀತಿ ಒಂದೇ ಕೊಠಡಿಯಲ್ಲಿ ಹೇಗೆ ಸಂಧಿಸಿತು ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಒಳ್ಳೆಯ ಉದಾಹರಣೆಯಿದೆ. 1951ರಲ್ಲಿ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ 23 ವರ್ಷದ ಅಮೆರಿಕನ್ ಜೇಮ್ಸ್ ವಾಟ್ಸನ್ ಬಂದಿಳಿದ. ಅಲ್ಲಿದ್ದ 35 ವರ್ಷದ ಇಂಗ್ಲಿಷ್‌ಮನ್ ಫ್ರಾನ್ಸಿಸ್ ಕ್ರಿಕ್‌ಗೆ ಇನ್ನೂ ಪಿಎಚ್.ಡಿ. ಆಗಿರಲಿಲ್ಲ. ಇಬ್ಬರಿಗೂ ಡಿಎನ್ಎ ರಚನೆಯ ಹುಚ್ಚು.

ಆದರೆ ಡಿಎನ್ಎ ಆಗ ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಷಯ. ಅಲ್ಲಿ ಮಾರಿಸ್ ವಿಲ್ಕಿನ್ಸ್ ಮತ್ತು ರೋಸಾಲಿಂಡ್ ಫ್ರಾಂಕ್ಲಿನ್ ಕ್ಷ-ಕಿರಣ ಚಿತ್ರಗಳನ್ನು ತೆಗೆಯುತ್ತಿದ್ದರು. ಗೆಳೆಯ ಕೈಹಾಕಿರುವ ಸಮಸ್ಯೆಗೆ ತಾನೂ ಕೈಹಾಕುವುದು ಇಂಗ್ಲಿಷ್ ವಿಜ್ಞಾನಿಗಳಲ್ಲಿ ಮರ್ಯಾದೆಯಲ್ಲ. ಚಿಕ್ಕ ದೇಶ, ಹತ್ತಾರು ಜನ, ಎಲ್ಲರಿಗೂ ಎಲ್ಲರೂ ಗೊತ್ತು. ವಾಟ್ಸನ್–ಕ್ರಿಕ್ ಕಟ್ಟಿದ ಮೊದಲ ಮಾದರಿ 1951ರ ಕೊನೆಯಲ್ಲಿ ಫ್ರಾಂಕ್ಲಿನ್ ಎದುರು ನಗೆಪಾಟಲಾದಾಗ, ಪ್ರಯೋಗಾಲಯದ ಮುಖ್ಯಸ್ಥ ಲಾರೆನ್ಸ್ ಬ್ರ್ಯಾಗ್ ಇಬ್ಬರನ್ನೂ ಡಿಎನ್ಎಯಿಂದ ದೂರವಿರಿ ಎಂದು ತಡೆದರು. ಅಮೆರಿಕದಲ್ಲಿ ಇಂಥ ಬೇಲಿ ಯಾರೂ ಹಾಕುವುದಿಲ್ಲವೆಂದು ವಾಟ್ಸನ್ 1968ರ ತನ್ನ 'ದಿ ಡಬಲ್ ಹೆಲಿಕ್ಸ್' ಪುಸ್ತಕದಲ್ಲಿ ಗೊಣಗಿದ್ದಾನೆ. ಅಲ್ಲಿ ಮೊದಲು ಮುಟ್ಟಿದವನದೇ ಗೆಲುವು.

ಬೇಲಿ ಬಿದ್ದದ್ದೂ ಅಮೆರಿಕದಿಂದಲೇ. 1953ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲೈನಸ್ ಪಾಲಿಂಗ್ ತಾವೂ ಒಂದು ಡಿಎನ್ಎ ಮಾದರಿ ರಚಿಸಿದ ಸುದ್ದಿ ಬಂತು. ಮಾದರಿ ತಪ್ಪಾಗಿತ್ತು. ಆದರೆ ಸ್ಪರ್ಧಿ ಹೊರಗಿನವನಾದಾಗ ಬ್ರ್ಯಾಗ್ ಕೂಡ ಸಮ್ಮತಿ ಕೊಟ್ಟರು. ಅದೇ ಹೊತ್ತಿನಲ್ಲಿ ಫ್ರಾಂಕ್ಲಿನ್‌ರ ಪ್ರಯೋಗಾಲಯದ ಚಿತ್ರವೊಂದನ್ನು ಅವರಿಗೆ ತಿಳಿಯದಂತೆ ವಿಲ್ಕಿನ್ಸ್ ವಾಟ್ಸನ್‌ಗೆ ತೋರಿಸಿದರು. ಫೇರ್ ಪ್ಲೇ ಎಂಬ ಬೇಲಿಯೊಳಗೆ ಆ ಹೆಣ್ಣುಮಗಳಿಗೆ ಜಾಗ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಕಿಂಗ್ಸ್ ಕಾಲೇಜಿನಲ್ಲಿ ಗಂಡಸರಿಗೆ ಮಾತ್ರ ಮೀಸಲಾದ ವಿಶ್ರಾಂತಿ ಕೋಣೆಯೇ ಇತ್ತು. ಕಾಫಿಯ ಹೊತ್ತಿನ ಮಾತುಕತೆಯಿಂದ ಅವರು ಹೊರಗೆ.

1953ರ ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ವಾಟ್ಸನ್–ಕ್ರಿಕ್ ಲೇಖನ ಒಂದು ಪುಟಕ್ಕಿಂತ ತುಸು ಹೆಚ್ಚು. ಜೀವವು ತನ್ನ ಪ್ರತಿಯನ್ನು ತಾನೇ ಹೇಗೆ ಮಾಡಿಕೊಳ್ಳುತ್ತದೆ ಎಂಬ ಮಹಾರಹಸ್ಯ ಅದರ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಬರುತ್ತದೆ, ಅದೂ ಈ ಸಂಗತಿ ನಮಗೂ ಹೊಳೆಯದೇ ಇಲ್ಲ ಎಂಬ ಧಾಟಿಯಲ್ಲಿ. ಇಂಗ್ಲಿಷ್ ಸಂಕೋಚಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ತಮಾಷೆ ನೋಡಿ: ವಿಸ್ತಾರವಾಗಿ ಬರೆಯೋಣ ಎಂದವನು ಇಂಗ್ಲಿಷ್ ಕ್ರಿಕ್, ತಪ್ಪಾದೀತೆಂದು ಹೆದರಿದವನು ಅಮೆರಿಕನ್ ವಾಟ್ಸನ್. ಇಬ್ಬರ ರಾಜಿಯ ಫಲ ಆ ವಾಕ್ಯ. ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿ ಬ್ರ್ಯಾಗ್‌ಗೆ ತಲೆನೋವು ತರುತ್ತಿದ್ದವನೂ ಕ್ರಿಕ್ಕನೇ. ದೇಶದ ರೀತಿ ಬೇರೆ, ವ್ಯಕ್ತಿಯ ಸ್ವಭಾವ ಬೇರೆ.

ಕೆಲಸ ಹೋಗುವ ಬಗೆ

ಮಾತಿನ ರೀತಿ ಆರು ತಿಂಗಳಲ್ಲಿ ರೂಢಿಯಾದೀತು. ಪೋಷಕರು ನಿಜವಾಗಿ ತಿಳಿಯಬೇಕಾದದ್ದು ಕಾನೂನಿನ ವ್ಯತ್ಯಾಸವನ್ನು.

2023ರ ಜನವರಿ 20ರಂದು ಗೂಗಲ್ ಕಂಪೆನಿಯ ಮುಖ್ಯಸ್ಥ ಸುಂದರ್ ಪಿಚೈ ಸುಮಾರು 12,000 ನೌಕರರನ್ನು ಕೈಬಿಡುವುದಾಗಿ ಪತ್ರ ಬರೆದರು. ಅಮೆರಿಕದಲ್ಲಿ ಕೆಲಸ ಕಳೆದುಕೊಳ್ಳುವವರಿಗೆ ಈ-ಮೇಲ್ ಆಗಲೇ ಹೋಗಿದೆ, ಬೇರೆ ದೇಶಗಳಲ್ಲಿ ಅಲ್ಲಲ್ಲಿನ ಕಾನೂನು ಮತ್ತು ರೂಢಿಯ ಕಾರಣ ಇದು ನಿಧಾನವಾಗುತ್ತದೆ ಎಂಬುದು ಅದರಲ್ಲಿದ್ದ ಒಂದು ಅಂಶ. ಕಂಪೆನಿ ಒಂದೇ, ತೀರ್ಮಾನ ಒಂದೇ. ಅಲ್ಲಿ ಬೆಳಿಗ್ಗೆ ಎದ್ದು ಕಂಪ್ಯೂಟರ್ ತೆರೆದವನಿಗೆ ಬಾಗಿಲು ಮುಚ್ಚಿತ್ತು. ಬ್ರಿಟನ್ನಿನಲ್ಲಾದರೆ 20 ಅಥವಾ ಹೆಚ್ಚು ಜನರನ್ನು ಒಟ್ಟಿಗೆ ತೆಗೆಯುವ ಮಾಲೀಕ ನೌಕರರ ಪ್ರತಿನಿಧಿಗಳೊಡನೆ ಮೊದಲು ಸಮಾಲೋಚಿಸಬೇಕು. ಮೊದಲ ವಜಾಕ್ಕೆ ಕನಿಷ್ಠ 30 ದಿನ ಮುಂಚೆ, ನೂರು ಜನ ದಾಟಿದರೆ 45 ದಿನ ಮುಂಚೆ ಅದು ಆರಂಭವಾಗಬೇಕು. ಅಮೆರಿಕದಲ್ಲೂ 1988ರ ಕಾಯಿದೆಯೊಂದು ದೊಡ್ಡ ಕಂಪೆನಿಗಳು ಸಾಮೂಹಿಕವಾಗಿ ತೆಗೆಯುವಾಗ 60 ದಿನಗಳ ಮುನ್ಸೂಚನೆ ಕೊಡಬೇಕೆನ್ನುತ್ತದೆ. ಆದರೆ ಒಬ್ಬಿಬ್ಬರನ್ನು ತೆಗೆಯಲು ಮೊಂಟಾನಾ ಒಂದನ್ನು ಬಿಟ್ಟು ಉಳಿದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಕಾರಣವನ್ನೂ ಕೊಡಬೇಕಿಲ್ಲ, ನೋಟಿಸೂ ಬೇಕಿಲ್ಲ. ಜನಾಂಗ, ಧರ್ಮ, ಲಿಂಗ ಮುಂತಾದ ನಿಷಿದ್ಧ ಕಾರಣಕ್ಕೆ ಮಾತ್ರ ತೆಗೆಯುವಂತಿಲ್ಲ. ಇದಕ್ಕೆ 'ಅಟ್ ವಿಲ್' ನೌಕರಿ ಎನ್ನುತ್ತಾರೆ. ಇಷ್ಟವಿರುವ ತನಕ, ಅಷ್ಟೆ. ನೌಕರನೂ ಹಾಗೆಯೇ ಇವತ್ತೇ ಬಿಟ್ಟುಹೋಗಬಹುದು. ಎರಡು ವಾರ ಮೊದಲು ಹೇಳುವುದು ಸೌಜನ್ಯ, ಕಾನೂನಲ್ಲ.

ಇದರ ಬೇರು ಹೊಲದಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಯುಗಾದಿಯಿಂದ ಯುಗಾದಿಗೆ ಆಳು ಇಟ್ಟುಕೊಳ್ಳುವ ಪದ್ಧತಿ ಇತ್ತಷ್ಟೆ? ಇಂಗ್ಲೆಂಡಿನಲ್ಲೂ ಅವಧಿ ಹೇಳದೆ ಆಳನ್ನು ಗೊತ್ತುಮಾಡಿದರೆ ಒಂದು ವರ್ಷಕ್ಕೆಂದೇ ಹಳೆಯ ಕಾನೂನು ಭಾವಿಸುತ್ತಿತ್ತು. ಸುಗ್ಗಿಯಲ್ಲಿ ಮೈಮುರಿ ದುಡಿಸಿಕೊಂಡು ಚಳಿಗಾಲದಲ್ಲಿ ಹೊರದಬ್ಬಬಾರದು ಎಂಬುದು ಅದರ ನ್ಯಾಯ. ಕೈಗಾರಿಕೆಗಳ ಕಾಲಕ್ಕೆ ಅದು ನೋಟಿಸ್ ಅವಧಿಯಾಗಿ ರೂಪಾಂತರಗೊಂಡಿತು. ಅಮೆರಿಕ ಈ ದಾರಿ ಬಿಟ್ಟಿತು. ಹೊರೇಸ್ ವುಡ್ ಎಂಬ ವಕೀಲ 1877ರಲ್ಲಿ ಬರೆದ ಗ್ರಂಥದಲ್ಲಿ, ಅವಧಿ ಹೇಳದ ನೌಕರಿ ಯಾವ ಗಳಿಗೆಯಲ್ಲೂ ಮುಗಿಯಬಹುದಾದ ನೌಕರಿ ಎಂದು ಪ್ರತಿಪಾದಿಸಿದ. ನ್ಯಾಯಾಲಯಗಳು ಒಂದೊಂದಾಗಿ ಅದನ್ನೇ ಎತ್ತಿಹಿಡಿದವು. ರೈಲ್ವೆ ಮತ್ತು ಕಾರ್ಖಾನೆಗಳು ಏಳುತ್ತಿದ್ದ, ಜನ ಊರಿಂದೂರಿಗೆ ವಲಸೆ ಹೋಗುತ್ತಿದ್ದ ದೇಶಕ್ಕೆ ಅದು ಹೊಂದಿಕೊಂಡಿತು.

ಇಂದು ಬ್ರಿಟನ್ನಿನಲ್ಲಿ ಒಂದು ತಿಂಗಳು ಸೇವೆ ಮಾಡಿದವನಿಗೆ ಕನಿಷ್ಠ ಒಂದು ವಾರ, ಎರಡು ವರ್ಷ ದಾಟಿದರೆ ವರ್ಷಕ್ಕೊಂದು ವಾರದಂತೆ 12 ವಾರದವರೆಗೆ ನೋಟಿಸ್ ಕಾನೂನಿನ ಹಕ್ಕು. ಹಲವು ಹುದ್ದೆಗಳಲ್ಲಿ ಕರಾರಿನ ಪ್ರಕಾರ ಮೂರು ತಿಂಗಳೂ ಇರುತ್ತದೆ. ರಾಜೀನಾಮೆ ಕೊಟ್ಟವನನ್ನು ಎದುರಾಳಿ ಕಂಪೆನಿಗೆ ತಕ್ಷಣ ಬಿಡಲು ಇಷ್ಟವಿಲ್ಲದಿದ್ದರೆ ಸಂಬಳ ಕೊಟ್ಟು ಮನೆಯಲ್ಲಿ ಕೂರಿಸುವುದೂ ಉಂಟು. ಅದಕ್ಕೆ 'ಗಾರ್ಡನ್ ಲೀವ್' ಎಂದು ಹೆಸರು: ಹೂದೋಟ ನೋಡಿಕೊಂಡಿರು ಎಂದು!

ಜ್ವರ ಬಂದರೆ?

ಅಮೆರಿಕದ ನೌಕರ ಕೆಲಸ ಹೋಗುವುದಕ್ಕೆ ಅಷ್ಟೇಕೆ ಅಂಜುತ್ತಾನೆ ಎಂಬುದಕ್ಕೆ ಇನ್ನೊಂದು ಕಾರಣವಿದೆ. 1942ರಲ್ಲಿ ಯುದ್ಧಕಾಲದ ಬೆಲೆಯೇರಿಕೆ ತಡೆಯಲು ಅಲ್ಲಿನ ಸರ್ಕಾರ ಸಂಬಳ ಏರಿಸದಂತೆ ನಿರ್ಬಂಧಿಸಿತು. ಕೆಲಸಗಾರರ ಅಭಾವ ಬೇರೆ. ಕಂಪೆನಿಗಳು ಸಂಬಳದ ಬದಲು ಆರೋಗ್ಯ ವಿಮೆಯ ಆಸೆ ತೋರಿಸಿದವು. ವಿಮೆ ನಿರ್ಬಂಧದೊಳಗೆ ಬರುತ್ತಿರಲಿಲ್ಲ. 1954ರ ತೆರಿಗೆ ಕಾಯಿದೆ ಇದನ್ನು ಗಟ್ಟಿಮಾಡಿತು. ತಾತ್ಕಾಲಿಕ ಉಪಾಯ ಶಾಶ್ವತವಾಯಿತು. ಇಂದು ಸುಮಾರು ಅರ್ಧದಷ್ಟು ಅಮೆರಿಕನ್ನರ ವಿಮೆ ತಮ್ಮ ಅಥವಾ ಮನೆಯವರ ನೌಕರಿಗೆ ಅಂಟಿಕೊಂಡಿದೆ. ಕೆಲಸ ಹೋದರೆ ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ವಿಮೆ ಮುಂದುವರಿಸಬಹುದು, ಆದರೆ ಪೂರ್ತಿ ಕಂತನ್ನು ತಾನೇ ತುಂಬಬೇಕು.

ಬ್ರಿಟನ್ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಆಸ್ಪತ್ರೆಯ ಬಾಗಿಲಲ್ಲಿ ನಿನ್ನ ಮಾಲೀಕ ಯಾರು ಎಂದು ಕೇಳುವುದಿಲ್ಲ. ನಮ್ಮಿಂದ ಹೋಗುವವರು ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರಲ್ಲಿ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡಿಗೆ ಏರಿತು. ಆರೋಗ್ಯ ಸೇವೆಗೇ ಕೆಲಸಕ್ಕೆ ಹೋಗುವ ದಾದಿಯರಿಗೆ, ವೈದ್ಯರಿಗೆ ಇದರಿಂದ ವಿನಾಯಿತಿ ಉಂಟು. ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಸರದಿ ಕಾಯಬೇಕಾಗುವುದೂ ಉಂಟೆನ್ನಿ.

ರಜೆಯ ವಿಷಯಕ್ಕೆ ಬಂದರೆ ಅಂತರ ಇನ್ನೂ ಸ್ಪಷ್ಟ. ವಾರಕ್ಕೆ ಐದು ದಿನ ದುಡಿಯುವವನಿಗೆ ಬ್ರಿಟನ್ನಿನಲ್ಲಿ ವರ್ಷಕ್ಕೆ 28 ದಿನ ಸಂಬಳಸಹಿತ ರಜೆ ಕಾನೂನಿನ ಹಕ್ಕು (ಸಾರ್ವಜನಿಕ ರಜೆಗಳನ್ನು ಇದರಲ್ಲೇ ಸೇರಿಸಿಕೊಳ್ಳಬಹುದು). ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಂಬಳಸಹಿತ ರಜೆ ಎಂಬುದು ಒಂದು ದಿನವೂ ಇಲ್ಲ. ಕಂಪೆನಿ ಕೊಟ್ಟಷ್ಟು. ಹೆರಿಗೆ ರಜೆ ಬ್ರಿಟನ್ನಿನಲ್ಲಿ 52 ವಾರ, ಅದರಲ್ಲಿ 39 ವಾರ ಭತ್ಯೆ ಸಿಗುತ್ತದೆ. ಅಮೆರಿಕದ 1993ರ ಕಾಯಿದೆ ಕೊಡುವುದು 12 ವಾರ, ಸಂಬಳವಿಲ್ಲದೆ, ಅದೂ ಚಿಕ್ಕ ಕಂಪೆನಿಗಳಿಗೆ ಅನ್ವಯಿಸುವುದಿಲ್ಲ. ನಮ್ಮ ದೇಶದಲ್ಲಿ 2017ರಿಂದ 26 ವಾರ ಸಂಬಳಸಹಿತ ರಜೆ ಇರುವುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಅಮೆರಿಕದ ನೌಕರ ವರ್ಷಕ್ಕೆ ಸರಾಸರಿ 1,800 ಗಂಟೆ ದುಡಿದರೆ ಬ್ರಿಟನ್ನಿನವನು 1,500ರ ಆಸುಪಾಸು.

ಹಾಗಾದರೆ ಅಮೆರಿಕಕ್ಕೆ ಜನ ಯಾಕೆ ಮುಗಿಬೀಳುತ್ತಾರೆ? ಎಂಜಿನಿಯರ್, ವೈದ್ಯ, ಸಂಶೋಧಕನ ಸಂಬಳ ಅಲ್ಲಿ ಬಹಳ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಅಷ್ಟೇ ಅಲ್ಲ. ಬೇಗ ತೆಗೆಯಬಲ್ಲವರು ಬೇಗ ಸೇರಿಸಿಕೊಳ್ಳಲೂ ಹಿಂಜರಿಯುವುದಿಲ್ಲ. ನಿನ್ನೆ ಸೇರಿದ ಹುಡುಗಿ ಸಭೆಯಲ್ಲಿ ಎದ್ದು ನಿರ್ದೇಶಕನ ಲೆಕ್ಕ ತಪ್ಪೆಂದರೆ ಕಿವಿಗೊಡುತ್ತಾರೆ. ಕಂಪೆನಿ ಕಟ್ಟಿ ಮುಳುಗಿಸಿದವನನ್ನು ಅನುಭವಸ್ಥ ಎಂದು ಕರೆದು ಮತ್ತೆ ಬಂಡವಾಳ ಕೊಡುವವರು ಸಿಕ್ಕುತ್ತಾರೆ. ಬ್ರಿಟನ್ನಿನಲ್ಲಿ ಓದಿದ ಶಾಲೆ, ಮಾತಿನ ಉಚ್ಚಾರ ಇವುಗಳ ನೆರಳು ಇನ್ನೂ ಪೂರ್ತಿ ಸರಿದಿಲ್ಲ.

ಚಹಾ ಯಾರು ಮಾಡಬೇಕು?

ಬ್ರಿಟನ್ನಿನ ಕಚೇರಿಯಲ್ಲಿ ಹತ್ತೂವರೆಗೆ ಒಬ್ಬರು ಎದ್ದು 'ಯಾರಿಗೆ ಟೀ?' ಎಂದು ಕೇಳುತ್ತಾರೆ. ಎಲ್ಲರಿಗೂ ಅವರೇ ಮಾಡಿ ತರುತ್ತಾರೆ. ನಾಳೆ ಇನ್ನೊಬ್ಬರ ಸರದಿ. ಮ್ಯಾನೇಜರ್‌ಗೂ ವಿನಾಯಿತಿ ಇಲ್ಲ. ಅಟೆಂಡರ್ ತಂದಿಟ್ಟ ಲೋಟ ಎತ್ತಿಕೊಂಡು ಬೆಳೆದ ನಮ್ಮ ಹುಡುಗರು ತಿಂಗಳುಗಟ್ಟಲೆ ಬೇರೆಯವರು ಮಾಡಿದ ಚಹಾ ಕುಡಿದು, ತಾವು ಒಮ್ಮೆಯೂ ಏಳದೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಎಲ್ಲರೂ ಲೆಕ್ಕ ಇಟ್ಟಿರುತ್ತಾರೆ. ಅಮೆರಿಕದಲ್ಲಿ ಈ ಸರದಿ ಇಲ್ಲ. ಅವರವರ ಕಾಫಿ ಅವರವರದು, ಊಟವೂ ಎಷ್ಟೋ ಸಲ ಮೇಜಿನ ಮೇಲೆಯೇ, ಕಂಪ್ಯೂಟರ್ ನೋಡುತ್ತ.

ಕರ್ನಾಟಕದ ಕಚೇರಿಗಳಲ್ಲಿ ಈ ಎರಡೂ ದೇಶಗಳ ಗುರುತು ಇದೆ. ಸರ್ಕಾರಿ ಇಲಾಖೆಗಳ ಕಡತ, ಟಿಪ್ಪಣಿ, ಕ್ಯಾಶುಯಲ್ ಲೀವ್, 'ಮೇಲಿನವರ ಆದೇಶಾನುಸಾರ' ಎಂಬ ಒಕ್ಕಣೆ ಬ್ರಿಟಿಷರು ಬಿಟ್ಟುಹೋದದ್ದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಇನ್ನೊಂದು ಗಾಳಿ ಬೀಸಿತು: ಬಾಸ್‌ನನ್ನು ಹೆಸರು ಹಿಡಿದು ಕರೆಯುವುದು, ಟೈ ಇಲ್ಲದ ಅಂಗಿ, ರಾತ್ರಿಯ ಫೋನು. ರಾತ್ರಿಯ ಫೋನಿಗೆ ಭೂಗೋಳವೂ ಕಾರಣ. ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ (ಬೇಸಿಗೆಯಲ್ಲಿ ನಾಲ್ಕೂವರೆ), ಕ್ಯಾಲಿಫೋರ್ನಿಯಾ ಹದಿಮೂರೂವರೆ (ಬೇಸಿಗೆಯಲ್ಲಿ ಹನ್ನೆರಡೂವರೆ). ಲಂಡನ್ನಿನವರ ಜೊತೆ ಕೆಲಸ ಮಾಡುವ ಮಗಳು ಮನೆಯ ಊಟಕ್ಕೆ ಸಿಕ್ಕಬಹುದು. ಕ್ಯಾಲಿಫೋರ್ನಿಯಾದವರ ಜೊತೆಯಾದರೆ ಅವರ ಬೆಳಗು ನಮ್ಮ ರಾತ್ರಿ.

ಹೊರಡುವ ಮುನ್ನ

ಅಮೆರಿಕದ ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಇನ್ನೊಂದು ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಬ್ರಿಟನ್ನಿನಲ್ಲೂ ನೌಕರಿ ಆಧಾರದ ವೀಸಾ ಮೊಟಕಾದರೆ ಸಾಮಾನ್ಯವಾಗಿ 60 ದಿನವೇ. ಆದರೆ ಅಲ್ಲಿ ಸಮಾಲೋಚನೆ, ನೋಟಿಸ್ ಅವಧಿಗಳು ಮುಗಿದ ಮೇಲೆ ಆ ಎಣಿಕೆ ಆರಂಭವಾಗುವುದರಿಂದ ತುಸು ಉಸಿರಾಡಲು ಸಮಯವಿರುತ್ತದೆ. ಅಮೆರಿಕದಲ್ಲಿ ಬಾಡಿಗೆ, ಕಾರಿನ ಕಂತು, ಶಾಲೆಗೆ ಸೇರಿದ ಮಗು, ಇಲ್ಲಿಯ ಬ್ಯಾಂಕಿನ ಶಿಕ್ಷಣ ಸಾಲ ಎಲ್ಲವೂ ಆ ಅರವತ್ತು ದಿನದೊಳಗೆ ತೀರ್ಮಾನವಾಗಬೇಕು. ಆದ್ದರಿಂದ ಅಲ್ಲಿ ಮೂರ್ನಾಲ್ಕು ತಿಂಗಳ ಖರ್ಚಿನ ಹಣ ಕೈಯಲ್ಲಿಟ್ಟುಕೊಂಡೇ ಮಿಕ್ಕ ಲೆಕ್ಕ ಹಾಕುವುದು ಕ್ಷೇಮ. ನೇಮಕಪತ್ರ ಬಂದಾಗ ಮನೆಮಂದಿ ಮೊದಲು ನೋಡುವುದು ಸಂಬಳದ ಸಾಲನ್ನು. ಅದರ ಕೆಳಗೆ ನೋಟಿಸ್ ಎಷ್ಟು, ವಿಮೆ ಯಾವ ದಿನದಿಂದ, ಸಂಬಳಸಹಿತ ರಜೆ ಎಷ್ಟು ಎಂಬ ಸಾಲುಗಳಿರುತ್ತವೆ. ಅವನ್ನೂ ಓದಬೇಕು.

ಕೆಲಸಕ್ಕೆ ಸೇರುವ ತಾರೀಖನ್ನಂತೂ ಎರಡು ಬಾರಿ ಓದಬೇಕು. ಬ್ರಿಟನ್ನಿನಲ್ಲಿ ನಮ್ಮ ಹಾಗೆ ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ. 3/4 ಎಂದು ಬರೆದಿದ್ದರೆ ಲಂಡನ್ನಿನ ಕಚೇರಿ ಕಾಯುವುದು ಏಪ್ರಿಲ್ 3ಕ್ಕೆ. ನ್ಯೂಯಾರ್ಕಿನ ಕಚೇರಿ ಮಾರ್ಚ್ 4ರಂದೇ ಕಾದು, ಆ ಕುರ್ಚಿಗೆ ಬೇರೆಯವರನ್ನು ಹುಡುಕತೊಡಗಿರುತ್ತದೆ.